ಪುದೀನ, ತುಳಸಿ, ಮಜ್ಜಿಗೆ ಹುಲ್ಲಿಗೆ ಕೊಟ್ಟಿಗೆ ಗೊಬ್ಬರವೋ ಅಂಗಡಿ ಗೊಬ್ಬರವೋ? ಪರಿಮಳ ಯಾವುದರಲ್ಲಿ ಜಾಸ್ತಿ?

ಹಿತ್ಲಕಡೆ (ಶಿರಸಿ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಸಿಗುವ ಹಳ್ಳಿ. ಅಡಿಕೆ ತೋಟ ಗಂಡಸರ ಸುಪರ್ದಿ, ಹಿತ್ತಿಲು ನನ್ನದು. ತುಳಸಿ, ಪುದೀನ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಬೆಳೆದು ನೆರಳಲ್ಲಿ ಒಣಗಿಸಿ ಪೇಟೆಯ ಒಂದು ಅಂಗಡಿಗೆ ಕಷಾಯಕ್ಕೆಂದು ಕೊಡುತ್ತೇನೆ. ದೊಡ್ಡಪತ್ರೆ ಒಣಗಿಸಿ ಪ್ರಯೋಜನವಿಲ್ಲ, ಬರೀ ನೀರು. ಅದು ಹಸಿಯಾಗಿಯೇ ಹತ್ತಿರದ ಹೋಮ್‌ಸ್ಟೇಗೆ ತಂಬುಳಿಗೆ ಹೋಗುತ್ತದೆ. ದೊಡ್ಡ ವ್ಯಾಪಾರವಲ್ಲ. ಆದರೆ ನನ್ನ ಕೈಯಲ್ಲಿ ಓಡಾಡುವ ದುಡ್ಡು ಅದೊಂದೇ, ಹಾಗಾಗಿ ಲೆಕ್ಕ ಹಾಕುತ್ತೇನೆ.

ಈಗ ತಕರಾರು ಎಂತ ಅಂದರೆ, ಕೊಟ್ಟಿಗೆ ಗೊಬ್ಬರ ಸಾಲುವುದಿಲ್ಲ. ಮೊದಲು ಕೊಟ್ಟಿಗೆ ತುಂಬ ಇದ್ದ ದನ ಈಗ ಎರಡಕ್ಕೆ ಇಳಿದಿವೆ. ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವುದಕ್ಕೂ ಆಳು ಸಿಗುವುದಿಲ್ಲ. ಗುಂಡಿಯಲ್ಲಿ ಆದ ಅಷ್ಟೋ ಇಷ್ಟೋ ಗೊಬ್ಬರ ಮೊದಲು ಅಡಿಕೆ ಬುಡಕ್ಕೆ, ಉಳಿದರೆ ಬಾಳೆಗೆ, ಆಮೇಲೆ ನನ್ನ ಮಡಿಗೆ. ಭಾವ ಇದನ್ನು ನೋಡಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ ರಾಸಾಯನಿಕ ಗೊಬ್ಬರ) ಪ್ಯಾಕೆಟ್ ತಂದುಕೊಟ್ಟರು, "ನೀರಲ್ಲಿ ಕರಗಿಸಿ ಹಾಕು, ಮತ್ತೆ ಹೇಳು" ಅಂತ. ಒಂದು ಮಡಿಗೆ ಅದನ್ನೇ ಹಾಕಿದೆ, ಇನ್ನೊಂದಕ್ಕೆ ಕೊಟ್ಟಿಗೆ ಗೊಬ್ಬರ. ಎರಡರಲ್ಲೂ ಪುದೀನ, ಎರಡಕ್ಕೂ ಬಳ್ಳಿ ಒಂದೇ ಬುಡದ್ದು.

19ರ ಮಡಿಯ ಎಲೆ ಅಂಗೈ ಹಾಗೆ ಅಗಲವಾಯಿತು, ಹಸಿರು ಕಣ್ಣಿಗೆ ಹೊಡೆಯುವಷ್ಟು. ಆದರೆ ತಿಕ್ಕಿದರೆ ಪರಿಮಳ ತೆಳು. ಹಸಿ ತೂಕ ಒಂದೂವರೆ ಪಟ್ಟು ಬಂದದ್ದು ಒಣಗಿಸಿದಾಗ ಹೆಚ್ಚು ಕಡಿಮೆ ಸಮ ಆಯಿತು. ಅಂಗಡಿಯವರು ಕೊಡುವುದು ಒಣ ತೂಕಕ್ಕೆ. ಮಾವ ಅಂತೂ "ಸಾಕ್ಷಿ ಬೇಕಾ ಇನ್ನು?" ಅಂತ ಗೆದ್ದವರ ಹಾಗೆ ಕೂತಿದ್ದಾರೆ. ಭಾವ "ಮೂಗಿನ ಭ್ರಮೆ" ಅನ್ನುತ್ತಾರೆ.

ನಿಜಕ್ಕೂ ರಾಸಾಯನಿಕ ಗೊಬ್ಬರದಿಂದ ಪರಿಮಳ ಹೋಗುತ್ತದಾ? ಸ್ವಲ್ಪ ಅದು, ಸ್ವಲ್ಪ ಇದು ಹಾಕಿದರೆ ನಡೆಯುತ್ತದಾ? ಬೆಳೆದು ನೋಡಿದವರು ಹೇಳಿ. ಪುಸ್ತಕ ಓದಿದವರೂ ಹೇಳಬಹುದು, ತೊಂದರೆಯಿಲ್ಲ.

ಸಹಜ_ಬೇಸಾಯ (ಯಲ್ಲಾಪುರ)

ಅಕ್ಕಾ, ಉತ್ತರ ನಿಮ್ಮ ಮೂಗೇ ಹೇಳಿದೆ, ಇನ್ನು ಯಾರನ್ನು ಕೇಳುವುದು? ರಾಸಾಯನಿಕ ಹಾಕಿದ ಗಿಡ ಊದಿಕೊಂಡಿರುತ್ತದೆ, ಬೆಳೆದಿರುವುದಿಲ್ಲ. ದನ ಎರಡಾದರೇನು, ಒಂದು ಸಾಕು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು, ಬೆಟ್ಟದ ಮಣ್ಣು ಒಂದು ಮುಷ್ಟಿ. ಜೀವಾಮೃತ ಸಿದ್ಧ. ಬುಡಕ್ಕೂ ಹಾಕಿ, ಸೋಸಿ ಎಲೆಗೂ ಹೊಡೆಯಿರಿ. ಪ್ಯಾಕೆಟನ್ನು ಭಾವನಿಗೆ ವಾಪಸ್ ಕೊಡಿ.

ಕೆಮ್ಮಣ್ಣು (ಶಿರಸಿ)

ತೋಟಗಾರಿಕೆ ಓದಿದವನು, ಈಗ ಊರಲ್ಲೇ ಬೇರೆಯವರ ತೋಟ ನೋಡಿಕೊಳ್ಳುತ್ತೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅಕ್ಕಾ, ಮೊದಲು ನನ್ನದೊಂದು ಪ್ರಶ್ನೆ: ಎರಡೂ ಮಡಿಗೆ ಬಿಸಿಲು ಒಂದೇ ಸಮ ಬೀಳುತ್ತದೆಯೇ? ಅದನ್ನು ಹೇಳಿದ ಮೇಲೆ ಮಾವನೋ ಭಾವನೋ ಗೆದ್ದದ್ದು ಅಂತ ತೀರ್ಮಾನಿಸೋಣ.

ಗಿಡದ ಬೇರು ಸಾರಜನಕವನ್ನು ಹೆಚ್ಚಾಗಿ ಹೀರುವುದು ನೈಟ್ರೇಟ್, ಅಮೋನಿಯಂ ಎಂಬ ಎರಡು ರೂಪದಲ್ಲಿ. ಅದು ಸಗಣಿ ಕೊಳೆತು ಬಂದದ್ದೋ ಪ್ಯಾಕೆಟ್ಟಿನಿಂದ ಬಂದದ್ದೋ ಬೇರಿಗೆ ಗೊತ್ತಾಗುವುದಿಲ್ಲ. ವ್ಯತ್ಯಾಸ ಇರುವುದು ಎಷ್ಟು ಬೇಗ, ಎಷ್ಟು ಒಟ್ಟಿಗೆ ಸಿಗುತ್ತದೆ ಅನ್ನುವುದರಲ್ಲಿ. 19:19:19 ಇವತ್ತು ಹಾಕಿದರೆ ನಾಳೆಯೇ ಗಿಡದ ಬಾಯಿಗೆ. ಕೊಟ್ಟಿಗೆ ಗೊಬ್ಬರದ ಸಾರಜನಕ ಮೊದಲ ವರ್ಷ ಹೆಚ್ಚೆಂದರೆ ಮೂರರಲ್ಲೊಂದು ಪಾಲು ಬಿಡುಗಡೆಯಾಗುತ್ತದೆ, ಉಳಿದದ್ದು ಮಣ್ಣಲ್ಲೇ ಕೂತು ನಿಧಾನ ಬರುತ್ತದೆ.

ಇನ್ನು ಪರಿಮಳ. ಪುದೀನ, ತುಳಸಿ, ದೊಡ್ಡಪತ್ರೆಯ ಎಣ್ಣೆ ಇರುವುದು ಎಲೆಯ ಮೇಲ್ಮೈಯ ಸಣ್ಣ ಸಣ್ಣ ಗ್ರಂಥಿಗಳಲ್ಲಿ. ನೀವು ತಿಕ್ಕಿದಾಗ ಒಡೆಯುವುದು ಅವೇ. ಎಲೆ ಇನ್ನೂ ಎಳೆಯದಾಗಿರುವಾಗಲೇ ಅವುಗಳಲ್ಲಿ ಬಹುಪಾಲು ಮೂಡಿಬಿಡುತ್ತವೆ. ಸಾರಜನಕ ಜಾಸ್ತಿ ಸಿಕ್ಕಿ, ನೀರೂ ಸಿಕ್ಕಿ ಎಲೆ ಹಿಗ್ಗಿದರೆ ಗ್ರಂಥಿಗಳು ದೂರ ದೂರ ಆಗುತ್ತವೆ, ಮೂಗಿಗೆ ತೆಳು ಅನ್ನಿಸುತ್ತದೆ. ಹಾಗಾಗಿ ನಿಮ್ಮ ಮೂಗು ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಅದೇ ಗತಿ ಬೇವಿನ ಹಿಂಡಿಯನ್ನು ಮಿತಿಮೀರಿ ಸುರಿದರೂ ಆಗುತ್ತದೆ. ಹಿಂಡಿಯಲ್ಲಿ ಶೇ. 5ರ ಆಸುಪಾಸು ಸಾರಜನಕ ಇದೆ, ಅದು ಸಾವಯವ ಅಂತ ಎಲೆ ಹಿಗ್ಗುವುದನ್ನು ಬಿಡುವುದಿಲ್ಲ.

ಉಲ್ಟಾ ಕಡೆಯೂ ಇದೆ. ಸಾರಜನಕ ತೀರಾ ಸಾಲದೆ ಬಡಕಲಾದ ಪುದೀನದ ಎಲೆ ತಿಕ್ಕಿದರೆ ಘಮ್ಮೆನ್ನಬಹುದು. ಆದರೆ ಎಲೆಯೇ ಇಲ್ಲದಿದ್ದರೆ ಮಾರುವುದು ಎಂತ? ಎಣ್ಣೆಗೆಂದು ಪುದೀನ ಬೆಳೆಯುವ ಉತ್ತರ ಪ್ರದೇಶದ ಕಡೆ ಹೆಕ್ಟೇರಿಗೆ 120ರಿಂದ 150 ಕಿಲೋ ಸಾರಜನಕ ಶಿಫಾರಸು ಇರುವುದು ಅದಕ್ಕೇ. ಅವರಿಗೆ ಎಕರೆಗೆ ಒಟ್ಟು ಎಷ್ಟು ಎಣ್ಣೆ ಇಳಿಯಿತು ಅನ್ನುವುದು ಮುಖ್ಯ, ಒಂದೊಂದು ಎಲೆಯ ಘಮ ಅಲ್ಲ. ನಿಮಗೆ ಎಲೆಯ ಘಮವೇ ಮಾಲು. ಆ ಶಿಫಾರಸನ್ನು ಕಣ್ಣುಮುಚ್ಚಿ ಹಿತ್ತಿಲಿಗೆ ತರಬೇಡಿ. ಮೇಲಾಗಿ ಅದು ಮೆಂಥಾಲ್ ತೆಗೆಯುವ ಬೇರೆ ಜಾತಿ. ನಮ್ಮ ಅಡುಗೆಮನೆಯ ಪುದೀನದಲ್ಲಿ ಹೆಚ್ಚಾಗಿ ಇರುವುದು ಕಾರ್ವೋನ್ ಎಂಬ ಬೇರೆ ಪರಿಮಳದ ಅಂಶ.

ಈಗ ನಮ್ಮ ಮಣ್ಣು. ಕೆಂಪು ಚಿರೆಕಲ್ಲು ಮಣ್ಣು, ಹುಳಿ. ಶಿರಸಿಗೆ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೈಟ್ರೇಟನ್ನು ಈ ಮಣ್ಣು ಹಿಡಿದಿಡುವುದಿಲ್ಲ. ಜುಲೈಯಲ್ಲಿ ಯೂರಿಯಾ ಎಸೆದರೆ ಅದು ನಿಮ್ಮ ಪುದೀನಕ್ಕಿಂತ ಮೊದಲು ಅಘನಾಶಿನಿ ಹೊಳೆಗೆ ಮುಟ್ಟುತ್ತದೆ. ಪೊಟ್ಯಾಷ್ ಕಥೆಯೂ ಅಷ್ಟೇ. ರಂಜಕ ತೊಳೆದು ಹೋಗುವುದಿಲ್ಲ, ಆದರೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಕಚ್ಚಿಕೊಂಡು ಗಿಡಕ್ಕೆ ಕೊಡುವುದಿಲ್ಲ. ಕೊಟ್ಟಿಗೆ ಗೊಬ್ಬರಕ್ಕೆ ನಿಜವಾದ ಬೆಲೆ ಇರುವುದು ಇಲ್ಲಿ. ಅದರ ಕೊಳೆತ ಅಂಶ ಪೋಷಕಾಂಶವನ್ನು ಹಿಡಿದಿಡುತ್ತದೆ, ರಂಜಕ ಲಾಕ್ ಆಗುವುದನ್ನು ಕಡಿಮೆ ಮಾಡುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ನಮ್ಮಲ್ಲಿ ಲೆಕ್ಕ ಇದೆಯಲ್ಲ, ಸುಮ್ಮನೆ ಬಂದದ್ದಲ್ಲ ಅದು.

ಹಾಗಂತ ಬರೀ ಗೊಬ್ಬರ ಸಾಕು ಅನ್ನುವವರು ತೂಕ ನೋಡಲಿ. ಯೂರಿಯಾದಲ್ಲಿ ಶೇ. 46 ಸಾರಜನಕ. 45 ಕಿಲೋದ ಒಂದು ಚೀಲದಲ್ಲಿ 20 ಕಿಲೋ ಚಿಲ್ಲರೆ ಆಯಿತು, ಸಬ್ಸಿಡಿ ದರ 266 ರೂಪಾಯಿ 50 ಪೈಸೆ. ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ಪರ್ಸೆಂಟ್ ಹಿಡಿಯಿರಿ. ಅಷ್ಟೇ ಸಾರಜನಕಕ್ಕೆ ನಾಲ್ಕು ಟನ್ ಬೇಕು. ಎರಡು ದನದ ಮನೆಯಲ್ಲಿ, ಅಡಿಕೆಗೆ ಕೊಟ್ಟು ಮಿಕ್ಕಿದ್ದರಲ್ಲಿ, ಎಲ್ಲಿಂದ ತರುವುದು? ದರಕು ಜಾಸ್ತಿ, ಸಗಣಿ ಕಡಿಮೆ ಇರುವ ಅರೆಬರೆ ಕೊಳೆತ ಗೊಬ್ಬರ ಆದರೆ ಇನ್ನೂ ಕಷ್ಟ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಯಾಗುತ್ತದೆ.

ನಾನಾದರೆ ಹೀಗೆ ಮಾಡುತ್ತಿದ್ದೆ. ಚದರ ಮೀಟರಿಗೆ ಎರಡು ಕಿಲೋ ಚೆನ್ನಾಗಿ ಕಳಿತ ಗೊಬ್ಬರ ಬುಡಕ್ಕೆ. ಸಾಲದ ಭಾಗಕ್ಕೆ 100 ಗ್ರಾಂ ಬೇವಿನ ಹಿಂಡಿ. ಅದರಲ್ಲಿ 5 ಗ್ರಾಂ ಸಾರಜನಕ ಆಯಿತು. ಹಿಂಡಿಗೆ ದುಡ್ಡಿಲ್ಲ ಅಂದರೆ 10 ಗ್ರಾಂ ಯೂರಿಯಾ, ಅದೂ ಹೆಚ್ಚು ಕಡಿಮೆ ಅಷ್ಟೇ. ಎರಡು ಕಂತಿನಲ್ಲಿ, ಮಳೆ ಬಿಟ್ಟ ಮೇಲೆ, ಕೊಯ್ಲು ಮಾಡಿದ ಮರುದಿನ. ಚಿಗುರಿಗೆ ಆಗ ಬೇಕು. ಕೊಯ್ಲು ಹತ್ತಿರ ಬಂದಾಗ ಏನೂ ಹಾಕಬೇಡಿ. ರಂಜಕಕ್ಕೆ ಡಿಎಪಿ ಬೇಡ, ರಾಕ್ ಫಾಸ್ಫೇಟ್ ಸಾಕು. ನಮ್ಮ ಹುಳಿ ಮಣ್ಣಲ್ಲಿ ಅದು ತಾನೇ ಕರಗುತ್ತದೆ. ಇದಕ್ಕೆಲ್ಲ ಮೊದಲು ಶಿರಸಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ವಿಚಾರಿಸಿ. ರಸಸಾರ (ಪಿಎಚ್) ಐದರ ಹತ್ತಿರ ಇದ್ದರೆ ಪುದೀನಕ್ಕೆ ಮೊದಲು ಬೇಕಾದ್ದು ಹುಳಿ ತಗ್ಗಿಸುವ ಡೋಲೋಮೈಟ್ ಸುಣ್ಣ. ಗೊಬ್ಬರದ ಜಗಳ ಆಮೇಲೆ.

ಮತ್ತೊಂದು. ಪರಿಮಳ ಹಾಳಾಗುವುದು ಗೊಬ್ಬರಕ್ಕಿಂತ ಹೆಚ್ಚಾಗಿ ಕೊಯ್ಯುವ ಹೊತ್ತಿನಲ್ಲಿ, ಒಣಗಿಸುವ ಅಟ್ಟದಲ್ಲಿ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ಪುದೀನ ಮೊಗ್ಗು ಕಾಣುವ ಹೊತ್ತಿಗೆ, ತುಳಸಿ ಹೂ ತುಂಬಿದಾಗ. ಮಳೆಗಾಲದ ಮಜ್ಜಿಗೆ ಹುಲ್ಲಿನಲ್ಲಿ ಎಣ್ಣೆಯ ಅಂಶವೇ ಕಡಿಮೆ, ಯಾವ ಗೊಬ್ಬರ ಹಾಕಿದರೂ. ಅಡಿಕೆ ಡ್ರೈಯರ್‌ನಲ್ಲಿ ಅಡಿಕೆಯ ಶಾಖಕ್ಕೆ ಇಟ್ಟರಂತೂ ಪರಿಮಳ ಡ್ರೈಯರ್ ಮನೆಗೆ, ಬರೀ ಹುಲ್ಲು ನಿಮಗೆ. 40 ಡಿಗ್ರಿ ದಾಟಿಸಬೇಡಿ.

ಹಿತ್ಲಕಡೆ

ಕೆಮ್ಮಣ್ಣು ಅವರೇ, ಇಷ್ಟು ಬರೆದದ್ದಕ್ಕೆ ಒಂದು ಲೋಟ ಕಷಾಯ ನನ್ನ ಲೆಕ್ಕದಲ್ಲಿ.

ಬಿಸಿಲು ಕೇಳಿದಿರಿ. ಗೊಬ್ಬರದ ಮಡಿ ಕೊಟ್ಟಿಗೆ ಹಿಂದೆ, ಬಯಲು. 19ರ ಮಡಿ ತೋಟದ ಅಂಚಿಗೆ, ಮಧ್ಯಾಹ್ನ ಎರಡರ ಮೇಲೆ ಅಡಿಕೆ ನೆರಳು ಪೂರ್ತಿ. ಜಾಗ ತೋರಿಸಿದ್ದು ಭಾವನೇ, ನೀರಿನ ಪೈಪು ಹತ್ತಿರ ಅಂತ. ಈಗ ಇದನ್ನು ಮಾವನಿಗೆ ಹೇಳಿದರೆ ಗೆದ್ದದ್ದು ವಾಪಸ್ ಕೊಡುವವರಲ್ಲ ಅವರು.

ಕೆಮ್ಮಣ್ಣು

ಹಾಗಾದರೆ ಪಂದ್ಯ ರದ್ದು. ನೆರಳಲ್ಲಿ ಬೆಳೆದ ಪುದೀನ ಎಲೆ ಅಗಲ ಮಾಡಿಕೊಳ್ಳುತ್ತದೆ, ಎಣ್ಣೆ ಕಡಿಮೆ ಮಾಡುತ್ತದೆ. ಗೊಬ್ಬರ ಯಾವುದೇ ಇರಲಿ. ನಿಮ್ಮಲ್ಲಿ ನೆರಳಿನ ಪಾಲು ಎಷ್ಟು, ಗೊಬ್ಬರದ ಪಾಲು ಎಷ್ಟು ಅಂತ ಈಗ ಬಿಡಿಸಿ ಹೇಳಲಿಕ್ಕೆ ಬರುವುದಿಲ್ಲ.

ಮಳೆ ಕಳೆದ ಮೇಲೆ ಬಯಲಿನ ಆ ಒಂದೇ ಮಡಿಯನ್ನು ಅರ್ಧ ಮಾಡಿ ಇನ್ನೊಮ್ಮೆ ನೋಡಿ. ಒಂದೇ ದಿನ ಕೊಯ್ದು, ಒಟ್ಟಿಗೆ ಒಣಗಿಸಿ, ಒಣ ಎಲೆ ಎರಡೆರಡು ಗ್ರಾಂ ತೂಗಿ ಎರಡು ಲೋಟ ಬಿಸಿನೀರಿಗೆ ಹಾಕಿ. ಯಾವ ಲೋಟ ಯಾವುದು ಅಂತ ನಿಮಗೆ ಮಾತ್ರ ಗೊತ್ತಿರಲಿ. ಮಾವ, ಭಾವ ಇಬ್ಬರಿಗೂ ಕೊಟ್ಟು ಕೇಳಿ.

ಉಸುಕಿನ_ಗದ್ದೆ (ಅಂಕೋಲಾ)

ಘಟ್ಟದ ಮೇಲಿನವರು ಮಣ್ಣು ಮಣ್ಣು ಅಂತೀರಿ, ನಮ್ಮಲ್ಲಿ ಮಣ್ಣೆಲ್ಲುಂಟು ಮಾರಾಯ್ರೆ, ಎಲ್ಲ ಉಸುಕು! ಮನೆಯಿಂದ ಕೂಗಿದರೆ ಸಮುದ್ರಕ್ಕೆ ಕೇಳ್ತದೆ. ಮಜ್ಜಿಗೆ ಹುಲ್ಲು, ತುಳಸಿ, ಒಂದಿಷ್ಟು ಪುದೀನ ಕುಂಡದಲ್ಲಿ.

ನಮ್ಮಜ್ಜಿ ಕಾಲದಲ್ಲಿ ತೆಂಗಿನ ಬುಡಕ್ಕೆ ತಾರ್ಲಿ ಮೀನು ಹೂಳುವುದಿತ್ತು. ಹೇರಳ ಸಿಕ್ಕ ವರ್ಷ ತಿಂದು, ಒಣಗಿಸಿ, ಮಿಕ್ಕಿದ್ದು ಬುಡಕ್ಕೆ. ಸಾರಜನಕ, ರಂಜಕ ಎರಡೂ ದಂಡಿಯಾಗಿ ಇರುವ ಗೊಬ್ಬರ ಅದು, ತೆಂಗಿಗೆ ಅದರಂಥದ್ದಿಲ್ಲ. ತುಳಸಿಗೆ ಹಾಕಲಿಕ್ಕೆ ಮಾತ್ರ ಹೋಗಬೇಡಿ. ಪೂಜೆ ಮಾಡುವವರು ಬೈಯುವುದು ಒಂದು ಕಡೆ, ರಾತ್ರಿ ನಾಯಿ ಬಂದು ಗಿಡ ಸಮೇತ ಅಗೆದು ಹೋಗ್ತದೆ.

ಉಸುಕಿನಲ್ಲಿ ಒಂದೇ ಸಲ ಹಾಕಿದ್ದು ಯಾವುದೂ ನಿಲ್ಲುವುದಿಲ್ಲ, ಸಗಣಿ ಗೊಬ್ಬರವೂ ಬೇಗ ಕರಗಿ ಹೋಗ್ತದೆ. ನಮ್ಮ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ತರಕಾರಿ ಬೆಳೆಯುವುದು ನೋಡಿ: ಸ್ವಲ್ಪ ಸ್ವಲ್ಪ ಗೊಬ್ಬರ, ಸಲ ಸಲ, ದಿನಾ ಕೊಡದಲ್ಲಿ ನೀರು. ನಾನು ಶೇಂಗಾ ಹಿಂಡಿ ನೆನೆಸಿ ಕೊಳೆಸಿ, ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕ್ತೇನೆ. ನಾತ ಇದೆ. ಅದನ್ನು ಕಲಸುವ ದಿನ ನಮ್ಮನೆಯವಳು ತವರಿಗೆ ಫೋನ್ ಮಾಡ್ತಾಳೆ.

ಕುಂಡಕ್ಕೆ ಅಂಗಡಿ ಗೊಬ್ಬರ ಹಾಕುವವರಿಗೆ ಕರಾವಳಿಯ ಒಂದು ಮಾತು. ಏಪ್ರಿಲ್, ಮೇ ಬಂತೆಂದರೆ ನಮ್ಮ ಬಾವಿ ನೀರು ಸವಳು. ರಾಸಾಯನಿಕ ಗೊಬ್ಬರವೂ ಉಪ್ಪೇ. ಉಪ್ಪಿನ ಮೇಲೆ ಉಪ್ಪು ಬಿದ್ದು ಎಲೆಯ ಅಂಚು ಸುಡ್ತದೆ, ಕುಂಡದ ಹೊರಗೆ ಬಿಳಿ ಪದರ ಕಟ್ತದೆ. ಆಗ ಗೊಬ್ಬರ ನಿಲ್ಲಿಸಿ, ಒಳ್ಳೆ ನೀರು ತಂದು ಕುಂಡದ ತಳದಿಂದ ಹರಿದು ಹೋಗುವಷ್ಟು ಹೊಯ್ಯಬೇಕು. ಪೊಟ್ಯಾಷ್ ಬೇಕೇ ಬೇಕಾದರೆ ಕೆಂಪು ಎಂಒಪಿ ಬಿಟ್ಟು ಸಲ್ಫೇಟ್ ಆಫ್ ಪೊಟ್ಯಾಷ್ ತನ್ನಿ. ಎಂಒಪಿಯಲ್ಲಿ ಕ್ಲೋರೈಡ್, ಅದು ನಮಗೆ ಸಮುದ್ರದಿಂದ ಪುಕ್ಕಟೆ ಬರ್ತದೆ.

ರೋಸ್‌ಮೆರಿ, ಥೈಮ್ ಅಂತ ಗೋಕರ್ಣದ ಹೋಟೆಲಿನವರು ಕೇಳ್ತಾರೆ. ಅವಕ್ಕೆ ಯಾವ ಗೊಬ್ಬರವೂ ಹೆಚ್ಚು ಬೇಡ, ಬಡ ನೆಲದ ಗಿಡಗಳು. ಉಸುಕಲ್ಲಿ ಬೇಸಿಗೆ ಚೆನ್ನಾಗಿರ್ತವೆ. ಜೂನ್ ಮಳೆಗೆ ಮಾಡಿನ ಕೆಳಗೆ ತರದಿದ್ದರೆ ಬುಡ ಕೊಳೆತು ಹೋಗ್ತವೆ.

ಸೂಕ್ಷ್ಮದರ್ಶಿ (ಕಾರವಾರ)

ಕೃಷಿ ನನಗೆ ಬರುವುದಿಲ್ಲ, ಲ್ಯಾಬಿನಲ್ಲಿ ಕೆಲಸ. ಮೇಲೆ ಜೀವಾಮೃತ "ಎಲೆಗೂ ಹೊಡೆಯಿರಿ" ಅಂದದ್ದು ಓದಿ ಬರೆಯಬೇಕೆನಿಸಿತು.

ಪುದೀನ ಚಟ್ನಿ, ದೊಡ್ಡಪತ್ರೆ ತಂಬುಳಿ. ಬಹಳ ಮನೆಗಳಲ್ಲಿ ಇವು ಒಲೆ ಕಾಣುವುದೇ ಇಲ್ಲ, ಅಥವಾ ಎಲೆ ಒಮ್ಮೆ ಬಾಡಿದರೆ ಮುಗಿಯಿತು. ಹಸಿ ಸಗಣಿಯಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಇರಬಹುದು. ದೊರಗು ಎಲೆಯ ಮೇಲೆ ಕೂತದ್ದು ಒಮ್ಮೆ ನೀರಲ್ಲಿ ಅದ್ದಿದರೆ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಸಾವಯವ ನಿಯಮದಲ್ಲೇ, ಕಳಿಯದ ಸಗಣಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಕೊಯ್ಲಿಗೆ 120 ದಿನ, ತಾಗದಿದ್ದರೆ 90 ದಿನ ಅಂತರ ಬೇಕು ಅಂತಿದೆ. ನೆಲಕ್ಕೇ ಹಬ್ಬುವ ಪುದೀನ ಯಾವ ಗುಂಪು ಅಂತ ನೀವೇ ಹೇಳಿ. ಗುಂಡಿಯಲ್ಲಿ 55 ಡಿಗ್ರಿ ಮೇಲೆ ಕೆಲವು ದಿನ ಕಾದು, ತಿರುವಿ ಹಾಕಿ, ಕಪ್ಪಗೆ ಪುಡಿಪುಡಿಯಾದ ಗೊಬ್ಬರದಲ್ಲಿ ಈ ಹೆದರಿಕೆ ಬಹಳ ಕಡಿಮೆ. ಗೋಬರ್ ಗ್ಯಾಸಿನ ಸ್ಲರಿಯನ್ನೂ ಎಲೆ ಮೇಲೆ ಹಾಕಬೇಡಿ.

ಈ ಒಂದು ವಿಷಯದಲ್ಲಿ ಭಾವನ ಪ್ಯಾಕೆಟ್ ನಿಮ್ಮ ಗುಂಡಿಗಿಂತ ಶುದ್ಧ. ಹೇಳಲಿಕ್ಕೆ ನನಗೂ ಖುಷಿಯಿಲ್ಲ, ನಮ್ಮನೆಯಲ್ಲೂ ಹಸು ಇದೆ.

ಸಹಜ_ಬೇಸಾಯ

ನೂರಾರು ವರ್ಷದಿಂದ ಸಗಣಿಯಲ್ಲೇ ಬದುಕಿದವರು ನಾವು, ಈಗ ಅಮೆರಿಕದ ದಿನಗಣನೆ. ಆಯಿತು, ಎಲೆಗೆ ಹೊಡೆಯುವುದು ಬಿಡಿ, ಬುಡಕ್ಕೆ ಹಾಕಿ. ಕಷಾಯಕ್ಕೆ ಕುದಿಸುವ ತುಳಸಿಗಾದರೆ ನಾನು ಹೊಡೆಯುತ್ತಲೇ ಇರುತ್ತೇನೆ.

ಕೆಮ್ಮಣ್ಣು

ಬುಡಕ್ಕೆ ಹಾಕಲಿಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಒಮ್ಮೆ ತೂಕ ನೋಡಿ. 10 ಕಿಲೋ ಸಗಣಿ, ಗಂಜಲ, 2 ಕಿಲೋ ಹಿಟ್ಟು, ಎಲ್ಲ ಸೇರಿ ಡ್ರಮ್ಮಿನಲ್ಲಿ ಇರುವ ಸಾರಜನಕ ಇನ್ನೂರು ಗ್ರಾಂ ಚಿಲ್ಲರೆ. ಅರ್ಧ ಕಿಲೋ ಯೂರಿಯಾಕ್ಕೆ ಸಮ. ಅಷ್ಟೇ ಒಂದು ಎಕರೆಗೆ ಸಾಕು ಅನ್ನುತ್ತೀರಿ ಜೀವಾಮೃತದವರು.

ಸಹಜ_ಬೇಸಾಯ

ಅದು ಊಟ ಅಂತ ಯಾರು ಹೇಳಿದರು? ಅದು ಹಾಲಿಗೆ ಹಾಕುವ ಹೆಪ್ಪು. ಹೆಪ್ಪನ್ನು ತೂಗಿ ಮೊಸರಿನ ಲೆಕ್ಕ ಹಾಕುವವರಿಗೆ ಎಂತ ಹೇಳುವುದು.

ಕೆಮ್ಮಣ್ಣು

ಒಪ್ಪಿದೆ. ಹೆಪ್ಪು ಹಾಕಲಿಕ್ಕೆ ಹಾಲು ಇರಬೇಕು. ಬೆಟ್ಟದ ಸೊಪ್ಪು ಬೀಳುತ್ತಿದ್ದ ತೋಟದಲ್ಲಿ ಇತ್ತು. ಈ ಅಕ್ಕನ ಮಡಿಯಲ್ಲಿ ಅದೇ ಸಾಲುತ್ತಿಲ್ಲ ಅನ್ನುವುದಲ್ಲವೇ ಪ್ರಶ್ನೆ?

ಚೀಟಿ_ಅಂಟಿಸುವವ (ಹೊನ್ನಾವರ)

ಒಣಮಸಾಲೆ ಪ್ಯಾಕ್ ಮಾಡಿ ಬೆಂಗಳೂರಿಗೆ ಕಳಿಸುತ್ತೇನೆ. ಅಕ್ಕ ಒಂದು ವಿಷಯ ಈಗಲೇ ತೀರ್ಮಾನಿಸಿಕೊಳ್ಳಿ: ಪೊಟ್ಟಣದ ಮೇಲೆ "ಸಾವಯವ" ಅಂತ ಬರೆಯುವ ಯೋಚನೆ ಮುಂದೆ ಇದೆಯಾ? ಇದ್ದರೆ ಕೆಮ್ಮಣ್ಣು ಹೇಳಿದ ಆ 10 ಗ್ರಾಂ ಯೂರಿಯಾವೂ ಬೇಡ. ಪ್ರಮಾಣಪತ್ರಕ್ಕೆ ವಾರ್ಷಿಕ ಬೆಳೆಯಾದರೆ ಎರಡು ವರ್ಷ, ಮಜ್ಜಿಗೆ ಹುಲ್ಲಿನಂಥ ಬಹುವಾರ್ಷಿಕಕ್ಕೆ ಮೂರು ವರ್ಷ ಪರಿವರ್ತನೆಯ ಅವಧಿ. ನಡುವೆ ಒಂದು ಮುಷ್ಟಿ ಬಿದ್ದರೂ ಲೆಕ್ಕ ಮೊದಲಿನಿಂದ. ಒಬ್ಬರೇ ಮಾಡಿಸಿದರೆ ಖರ್ಚು. ಊರಿನ ಐದು ಮನೆ ಸೇರಿ ಪಿಜಿಎಸ್ ಗುಂಪು (ಬೆಳೆಗಾರರೇ ಒಬ್ಬರ ಬೆಳೆ ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ವ್ಯವಸ್ಥೆ) ಮಾಡಿದರೆ ಹಗುರ.

ನೇರ ತಿನ್ನುವವರಿಗೇ ಮಾರುವ ಸಣ್ಣ ಬೆಳೆಗಾರರಿಗೆ, ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ, ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಸಾವಯವದ ಸರ್ಕಾರಿ ಗುರುತು ಮಾತ್ರ ಹಾಕುವ ಹಾಗಿಲ್ಲ. ನೀವು ಅಂಗಡಿಗೆ ಕೊಡುವುದರಿಂದ ಆ ವಿನಾಯಿತಿ ನಿಮಗೆ ಹಿಡಿಯುವುದಿಲ್ಲ.

"ಸಾವಯವ" ಅಂತ ಬರೆಯುವುದೇ ಇಲ್ಲ, ಅಂಗಡಿಯವರು ಮೂಸಿ ನೋಡಿ ದುಡ್ಡು ಕೊಡುತ್ತಾರೆ ಅಂತಾದರೆ ಈ ತಲೆನೋವು ನಿಮಗಿಲ್ಲ.

ಹಿತ್ಲಕಡೆ

ಅಂಗಡಿಯವರು ಮೂಸುವುದೂ ಇಲ್ಲ, ಬಣ್ಣ ನೋಡುತ್ತಾರೆ! ಹಸಿರು ಉಳಿದಿದ್ದರೆ ಒಳ್ಳೆಯದು, ಕಪ್ಪಾದರೆ ದರ ಇಳಿಸು.

ನನ್ನ ಸದ್ಯದ ಲೆಕ್ಕ ಹೀಗೆ. ಮಜ್ಜಿಗೆ ಹುಲ್ಲಿಗೆ, ತುಳಸಿಗೆ ಗುಂಡಿಯ ಗೊಬ್ಬರ ಮತ್ತು ಬೇವಿನ ಹಿಂಡಿ ಮಾತ್ರ. ಹೊನ್ನಾವರದವರು ಹೇಳಿದ ಐದು ಮನೆ ಸಿಗಬಹುದು. ಮೂರಂತೂ ನಮ್ಮ ದಾಯಾದಿಗಳದ್ದೇ, ಅವರು ಒಂದು ಗುಂಪಲ್ಲಿ ಕೂರುತ್ತಾರಾ ಅನ್ನುವುದು ಬೇರೆ ಮಾತು. ದೊಡ್ಡಪತ್ರೆಗೆ ಈಗಿನ ಹಾಗೆ ಏನೂ ಹಾಕುವುದಿಲ್ಲ, ಬಚ್ಚಲ ನೀರಿನ ಕಾಲುವೆ ಪಕ್ಕ ತಾನೇ ಬೆಳೆದುಕೊಂಡಿದೆ. ಬಯಲಿನ ಪುದೀನದ ಮಡಿ ಅಕ್ಟೋಬರ್‌ನಲ್ಲಿ ಅರ್ಧ ಮಾಡಿ ಎರಡು ಲೋಟದ ಪರೀಕ್ಷೆ. ಮಾವ ಈಗಲೇ "ನನಗೆ ನೆಗಡಿ ಇದ್ದ ದಿನ ಇಡಬೇಡ" ಅಂದಿದ್ದಾರೆ.

ಒಂದು ಕೇಳುವುದು ಬಿಟ್ಟುಹೋಯಿತು. ಬಚ್ಚಲೊಲೆ ಬೂದಿ ಬುಟ್ಟಿಗಟ್ಟಲೆ ಇದೆ. ಹಿಂಡಿ ಅಥವಾ ಯೂರಿಯಾ ಜೊತೆ ಕಲಸಿ ಒಟ್ಟಿಗೇ ಹಾಕಿಬಿಡಬಹುದಾ?

ಕೆಮ್ಮಣ್ಣು

ಯೂರಿಯಾ ಜೊತೆ ಬೇಡ, ಹಸಿ ಸಗಣಿ ಜೊತೆಯೂ ಬೇಡ. ಬೂದಿ ಕ್ಷಾರ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಬೂದಿ ಮೊದಲು ಹಾಕಿ ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಬಿಟ್ಟು ಉಳಿದದ್ದು. ಪೊಟ್ಯಾಷ್, ಸುಣ್ಣದಂಶ ಎರಡೂ ಅದರಲ್ಲಿ ಇರುವುದರಿಂದ ನಮ್ಮ ಹುಳಿ ಮಣ್ಣಿಗೆ ಒಳ್ಳೆಯದೇ. ಚದರ ಮೀಟರಿಗೆ ಒಂದು ಮುಷ್ಟಿ ಸಾಕು. ಒಲೆಗೆ ಪ್ಲಾಸ್ಟಿಕ್ ಹಾಕುವ ರೂಢಿ ಮನೆಯಲ್ಲಿ ಯಾರಿಗಾದರೂ ಇದ್ದರೆ ಆ ಬೂದಿ ಬೇಡ.

ಹಿತ್ಲಕಡೆ

ಇದೆ. ಭಾವನಿಗೆ.